ಟ್ಯಾಂಕಿಗೆ ಯುವಿ ದೀಪ ಹಾಕಿಸಿದರೆ ಮೀನಿನ ಕಾಯಿಲೆ ನಿಲ್ಲುತ್ತದಾ?

ಪ್ರಶ್ನೆ: ಮುಂಬೈಯ ಮುಲುಂಡ್‌ನಲ್ಲಿ ನನ್ನದೊಂದು ಉಡುಪಿ ಹೋಟೆಲ್ ಇದೆ. ಊರು ಕುಂದಾಪುರದ ಕಡೆ. ಎರಡು ವರ್ಷದ ಹಿಂದೆ ಎ.ಸಿ. ಹಾಲ್‌ನಲ್ಲಿ 8 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಎತ್ತರದ ಅಕ್ವೇರಿಯಂ ಮಾಡಿಸಿದೆ. ಕೆಳಗೆ ನೀರು ಸೋಸಿ ಮೇಲೆ ಕಳಿಸುವ ತೊಟ್ಟಿ, ಅಂದರೆ ಸಂಪ್ ಇದೆ. ಒಂದು ಸಿಲ್ವರ್ ಅರೋವಾನಾ, ನಾಲ್ಕು ಆಸ್ಕರ್, ಆರು ಪ್ಯಾರಟ್ ಮೀನು ಇವೆ. ಅರೋವಾನಾಗೆ ಪ್ರತಿ ಭಾನುವಾರ ಕುರ್ಲಾ ಮಾರ್ಕೆಟ್‌ನಿಂದ ತಿನ್ನಲು ಗಪ್ಪಿ ಅನ್ನುವ ಜೀವಂತ ಸಣ್ಣ ಮೀನು ತರಿಸುತ್ತೇನೆ. ಈ ವರ್ಷ ಎರಡು ಸಲ ಬಿಳಿ ಚುಕ್ಕೆ ರೋಗ ಬಂತು, ಮೂರು ಆಸ್ಕರ್ ಹೋದವು, ಮತ್ತೆ ಹೊಸದು ತಂದು ಬಿಟ್ಟೆ. ನೀರು ಬೇರೆ ಹಸಿರಾಗುತ್ತದೆ. 36 ವ್ಯಾಟ್‌ನ ಯುವಿ (ಅತಿನೇರಳೆ ಬೆಳಕಿನ) ಸ್ಟೆರಿಲೈಜರ್ ಹಾಕಿಸಿ, ಆಮೇಲೆ ರೋಗವೂ ಇಲ್ಲ, ನೀರು ಬದಲಾಯಿಸುವ ರಗಳೆಯೂ ಇಲ್ಲ ಎನ್ನುತ್ತಾರೆ ಅಂಗಡಿಯವರು. ಒಳ್ಳೆಯ ಬ್ಯಾಕ್ಟೀರಿಯಾ ಸಾಯುತ್ತವೆ, ಬೇಡ ಎನ್ನುತ್ತಾನೆ ಮಗ. ಯಾರ ಮಾತು ಕೇಳಲಿ? ಹಾಕಿಸಿದರೆ ರಾತ್ರಿ ಬಂದ್ ಮಾಡಬಹುದಾ? ಟ್ಯಾಂಕಿನ ಎರಡು ಫೋಟೋ ಕಳಿಸಿದ್ದೇನೆ.

ಉತ್ತರ:

ಮಗನ ಮಾತು ಅರ್ಧ ತಪ್ಪು. ಅಂಗಡಿಯವರ ಮಾತು ಮುಕ್ಕಾಲು ತಪ್ಪು. ಆದರೂ ನೀವು ಯುವಿ ಹಾಕಿಸಬಹುದು. ಅದಕ್ಕೆ ಮೊದಲು ಮಾಡಬೇಕಾದ ಎರಡು ಮೂರು ಕೆಲಸ ನಿಮ್ಮ ಫೋಟೋದಲ್ಲೇ ಕಾಣುತ್ತಿವೆ. ಅಲ್ಲಿಗೆ ಆಮೇಲೆ ಬರುತ್ತೇನೆ.

ನಿಮ್ಮ ಅಡುಗೆಮನೆಯಲ್ಲಿ ಕುಡಿಯುವ ನೀರಿಗೆ ಯುವಿ ಪ್ಯೂರಿಫೈಯರ್ ಇರಬೇಕು, ಅಲ್ವಾ? ಅಕ್ವೇರಿಯಂ ಯುವಿಯ ಒಳಗಿರುವುದೂ ಅದೇ ಜಾತಿಯ ದೀಪ. ವಿದ್ಯೆ ಹೊಸತಲ್ಲ. ಫ್ರಾನ್ಸಿನ ಮಾರ್ಸೇಲ್ ಊರಿನಲ್ಲಿ 1910ರಲ್ಲೇ ಕುಡಿಯುವ ನೀರಿಗೆ ಇದನ್ನು ಬಳಸಿ ನೋಡಿದ್ದರು. ಪಾದರಸದ ಆವಿ ತುಂಬಿದ ಕೊಳವೆ ಉರಿದಾಗ ಸುಮಾರು 254 ನ್ಯಾನೋಮೀಟರ್ ಅಲೆಯುದ್ದದ ಬೆಳಕು ಬರುತ್ತದೆ. ಅದು ನಮ್ಮ ಕಣ್ಣಿಗೆ ಕಾಣುವುದಿಲ್ಲ. ಸೂಕ್ಷ್ಮಜೀವಿಯ ಮೈಯೊಳಗೆ ಹೊಕ್ಕು ಅದರ ಡಿಎನ್‌ಎಯನ್ನು ಕೆಡಿಸುತ್ತದೆ. ಜೀವಿ ಆ ಕ್ಷಣಕ್ಕೆ ಸಾಯದಿದ್ದರೂ ಮುಂದೆ ಮರಿ ಹಾಕಲಾರದು, ಅಷ್ಟೇ ಸಾಕು. ಮಾಮೂಲಿ ಗಾಜು ಈ ಬೆಳಕನ್ನು ತಡೆದುಬಿಡುತ್ತದೆ. ಅದಕ್ಕೇ ದೀಪದ ಸುತ್ತ ಕ್ವಾರ್ಟ್ಸ್‌ನ ಕೊಳವೆ ಇರುತ್ತದೆ, ನೀರು ಅದರ ಹೊರಗಿನಿಂದ ಹರಿದು ಹೋಗುತ್ತದೆ.

ಅಡುಗೆಮನೆಯ ಯಂತ್ರಕ್ಕೂ ಟ್ಯಾಂಕಿನ ಯಂತ್ರಕ್ಕೂ ಒಂದು ದೊಡ್ಡ ವ್ಯತ್ಯಾಸ ಇದೆ. ಅಡುಗೆಮನೆಯಲ್ಲಿ ನೀರು ಒಂದು ಕಡೆಯಿಂದ ಬಂತು, ದೀಪದ ಮುಂದೆ ಹಾಯಿತು, ಲೋಟಕ್ಕೆ ಬಿತ್ತು. ಒಂದೇ ದಾರಿ. ಟ್ಯಾಂಕಿನಲ್ಲಿ ಹಾಗಲ್ಲ. ರೋಗದ ಜೀವಿ ಹುಟ್ಟುವುದು ಟ್ಯಾಂಕಿನೊಳಗೆ, ಅದಕ್ಕೆ ಬೇಕಾದ ಮೀನು ಇರುವುದೂ ಟ್ಯಾಂಕಿನೊಳಗೆ. ನಡುವೆ ದೀಪ ಸಿಗಲೇಬೇಕು ಅಂತೇನಿಲ್ಲ. ಯುವಿ ಅನ್ನುವುದು ನಿಮ್ಮ ಬಿಲ್ಡಿಂಗ್ ಗೇಟಿನ ವಾಚ್‌ಮನ್ ಇದ್ದ ಹಾಗೆ. ಗೇಟು ದಾಟಿದವರನ್ನು ಹಿಡಿಯುತ್ತಾನೆ. ಮೂರನೇ ಮಹಡಿಯವನು ನಾಲ್ಕನೇ ಮಹಡಿಯವನ ಜೊತೆ ಜಗಳ ಆಡಿದರೆ ಅವನಿಗೆ ಗೊತ್ತೇ ಆಗುವುದಿಲ್ಲ.

ಬಿಳಿ ಚುಕ್ಕೆ ರೋಗ ನಿಮ್ಮನ್ನು ಎರಡು ಸಲ ಸುಟ್ಟಿದೆ, ಅದನ್ನೇ ತೆಗೆದುಕೊಳ್ಳೋಣ. ಇದನ್ನು ತರುವ ಜೀವಿಯ ಹೆಸರು ಇಕ್ತಿಯೋಫ್ತಿರಿಯಸ್. ಹವ್ಯಾಸಿಗಳು ಚಿಕ್ಕದಾಗಿ ಇಕ್ ಅನ್ನುತ್ತಾರೆ. ಆಸ್ಕರ್‌ನ ಮೈಮೇಲೆ ರವೆ ಉದುರಿಸಿದ ಹಾಗೆ ಕಾಣುತ್ತದಲ್ಲ, ಆ ಒಂದೊಂದು ಚುಕ್ಕೆಯೂ ಮೀನಿನ ಚರ್ಮದ ಕೆಳಗೆ ಕೂತು ತಿನ್ನುತ್ತಿರುವ ಒಂದೊಂದು ಪರಾವಲಂಬಿ. ಅಲ್ಲಿಗೆ ಯುವಿ ಬೆಳಕು ಹೋಗುವುದಿಲ್ಲ. ಹೊಟ್ಟೆ ತುಂಬಿದ ಮೇಲೆ ಅದು ಮೀನನ್ನು ಬಿಟ್ಟು ಉದುರುತ್ತದೆ. ತಳದ ಮರಳಿಗೋ ಗಾಜಿಗೋ ಅಂಟಿಕೊಂಡು ಸುತ್ತ ಒಂದು ಕವಚ ಕಟ್ಟಿಕೊಳ್ಳುತ್ತದೆ. ಅಲ್ಲಿಗೂ ಯುವಿ ಹೋಗುವುದಿಲ್ಲ. ಕವಚದೊಳಗೆ ಅದು ಒಂದು ಎರಡಾಗಿ, ಎರಡು ನಾಲ್ಕಾಗಿ, ನೂರಾರು ಮರಿಗಳಾಗಿ ಒಡೆಯುತ್ತದೆ. ಆ ಮರಿಗಳು ಹೊರಬಂದು ಮೀನನ್ನು ಹುಡುಕುತ್ತಾ ಈಜುತ್ತವೆ. ನಮ್ಮ ಮುಂಬೈ ಬಿಸಿಲಿಗೆ ಒಂದೆರಡು ದಿನದೊಳಗೆ ಮೀನು ಸಿಗದಿದ್ದರೆ ಸಾಯುತ್ತವೆ. ಈ ಈಜುವ ಹೊತ್ತಿನಲ್ಲಿ ಮಾತ್ರ ಅವು ಪಂಪಿನ ಎಳೆತಕ್ಕೆ ಸಿಕ್ಕಿ ದೀಪದ ಮುಂದೆ ಬರಬಹುದು. ನಿಮ್ಮ ಟ್ಯಾಂಕಿನಲ್ಲಿ ಹನ್ನೊಂದು ದಪ್ಪ ಮೀನುಗಳು. ಮರಿಗೆ ಮೀನು ಹುಡುಕುವುದು ದಾದರ್ ಸ್ಟೇಷನ್ನಿನಲ್ಲಿ ಮನುಷ್ಯರನ್ನು ಹುಡುಕಿದಷ್ಟೇ ಸುಲಭ. ಕೆಲವು ಗೇಟಿಗೆ ಹೋಗುತ್ತವೆ, ಉಳಿದವು ಅಲ್ಲೇ ಪಕ್ಕದ ಮೀನಿಗೆ ಹತ್ತುತ್ತವೆ.

ಹಾಗಾಗಿ ಯುವಿ ಇಕ್ ರೋಗಕ್ಕೆ ಮದ್ದಲ್ಲ. ಆದರೆ ದಂಡು ಸಾವಿರದಿಂದ ಇನ್ನೂರಕ್ಕೆ ಇಳಿದರೆ ಗಟ್ಟಿಮುಟ್ಟಾದ ಮೀನು ಅದನ್ನು ತಡೆದುಕೊಳ್ಳುತ್ತದೆ. ಯುವಿಯಿಂದ ಇಷ್ಟು ಬಯಸುವುದು ನ್ಯಾಯ.

ದೊಡ್ಡ ಮತ್ಸ್ಯಾಲಯಗಳಲ್ಲಿ, ಮೀನು ಮಾರುವ ಅಂಗಡಿಗಳಲ್ಲಿ, ಮರಿ ಮಾಡುವ ಕೇಂದ್ರಗಳಲ್ಲಿ ಇದು ಯಾಕೆ ಬೇಕು ಅಂದರೆ, ಅಲ್ಲಿ ಗೇಟಿಗೆ ನಿಜವಾದ ಕೆಲಸ ಇದೆ. ಒಂದು ಅಂಗಡಿಯಲ್ಲಿ ಎಂಬತ್ತು ಟ್ಯಾಂಕು, ಎಲ್ಲದರ ನೀರೂ ಒಂದೇ ಸಂಪಿಗೆ ಬಂದು ಮತ್ತೆ ಎಲ್ಲಕ್ಕೂ ಹೋಗುತ್ತದೆ ಅಂದುಕೊಳ್ಳಿ. ಐದನೇ ಟ್ಯಾಂಕಿನ ರೋಗ ನಲವತ್ತನೇ ಟ್ಯಾಂಕಿಗೆ ಹೋಗಬೇಕಾದರೆ ಆ ಪೈಪಿನಲ್ಲೇ ಹೋಗಬೇಕು. ಅಲ್ಲಿ ದೀಪ ಇಟ್ಟರೆ ಹಣ ವಸೂಲು. ನಿಮ್ಮದು ಒಂದೇ ಟ್ಯಾಂಕು. ಲಾಭ ಇದೆ, ಅಷ್ಟು ದೊಡ್ಡದಲ್ಲ.

ಇನ್ನು ಹಸಿರು ನೀರು. ಇಲ್ಲಿ ಯುವಿ ಹಾಕಿ ಅನ್ನುವ ಅಂಗಡಿಯವರ ಮಾತಿನಲ್ಲಿ ಹುರುಳಿದೆ. ನೀರಿನಲ್ಲಿ ತೇಲುವ ಪಾಚಿಗೆ ಅಡಗಲು ಜಾಗ ಇಲ್ಲ, ಎಲ್ಲವೂ ಇವತ್ತಲ್ಲ ನಾಳೆ ದೀಪದ ಮುಂದೆ ಬರಲೇಬೇಕು. ಸರಿಯಾದ ಯುವಿ ಹಾಕಿದರೆ ಮೂರು ದಿನದಿಂದ ಒಂದು ವಾರದೊಳಗೆ ಟ್ಯಾಂಕಿನ ಹಿಂದಿನ ಗೋಡೆ ಕಾಣತೊಡಗುತ್ತದೆ. ಆ ವಾರ ಫಿಲ್ಟರಿನ ಸ್ಪಾಂಜನ್ನು ಎರಡು ಮೂರು ಸಲ ಹಿಂಡಬೇಕು. ಸತ್ತ ಪಾಚಿ ಎಲ್ಲಿಗೂ ಮಾಯವಾಗುವುದಿಲ್ಲ, ಸ್ಪಾಂಜಿನಲ್ಲಿ ಕೂತು ಕೊಳೆಯುತ್ತದೆ. ಗಾಜಿಗೆ ಅಂಟಿದ ಪಾಚಿಗೆ ಯುವಿ ಏನೂ ಮಾಡದು. ಅದನ್ನು ಕೈಯಲ್ಲೇ ಉಜ್ಜಬೇಕು.

ಮಗನ ಪ್ರಶ್ನೆ. ಮೀನಿನ ಹೊಲಸಿನಿಂದ ಅಮೋನಿಯಾ ಅನ್ನುವ ವಿಷ ಬರುತ್ತದೆ. ಅದನ್ನು ತಿನ್ನುವ ಒಳ್ಳೆಯ ಬ್ಯಾಕ್ಟೀರಿಯಾ ನೀರಿನಲ್ಲಿ ತೇಲಿಕೊಂಡು ಬದುಕುವ ಜಾತಿ ಅಲ್ಲ. ಅವು ಸ್ಪಾಂಜು, ಬಯೋ ಬಾಲ್ ಅನ್ನುವ ಫಿಲ್ಟರಿನ ಪ್ಲಾಸ್ಟಿಕ್ ಗುಂಡು, ಮರಳು, ಪೈಪಿನ ಒಳಮೈ, ಹೀಗೆ ಗಟ್ಟಿ ಜಾಗ ಹಿಡಿದು ಲೋಳೆ ಪದರ ಕಟ್ಟಿಕೊಂಡು ಕೂತಿರುತ್ತವೆ. ದೀಪ ಅವುಗಳ ಮುಂದೆ ಹೋಗುವುದಿಲ್ಲ, ಅವು ದೀಪದ ಮುಂದೆ ಬರುವುದಿಲ್ಲ. ಎರಡು ವರ್ಷ ಹಳೆಯ ಟ್ಯಾಂಕಿಗೆ ಭಯ ಬೇಡ. ಹೊಸ ಟ್ಯಾಂಕಿಗೆ ಬಾಟಲಿಯ ಬ್ಯಾಕ್ಟೀರಿಯಾ ಸುರಿಯುವಾಗ ಮಾತ್ರ ಕೆಲವು ದಿನ ಯುವಿ ಬಂದ್ ಇಡಬೇಕು. ಅಷ್ಟರ ಮಟ್ಟಿಗೆ ಅವನ ಮಾತು ಸರಿ.

ಈಗ 36 ವ್ಯಾಟ್ ವಿಷಯ. ಮುಖ್ಯ ವಿಷಯ ಇಲ್ಲೇ ಇರುವುದು, ಸ್ವಲ್ಪ ನಿಧಾನ ಓದಿ.

ಯುವಿಯ ಶಕ್ತಿಯನ್ನು ವ್ಯಾಟ್‌ನಲ್ಲಿ ಅಳೆದರೆ ಅರ್ಧ ಲೆಕ್ಕ ಮಾತ್ರ ಸಿಗುತ್ತದೆ. ನೀರು ದೀಪದ ಮುಂದೆ ಎಷ್ಟು ಹೊತ್ತು ಇರುತ್ತದೆ ಅನ್ನುವುದು ಇನ್ನರ್ಧ. ಕಾವಲಿಯ ಮೇಲೆ ದೋಸೆ ಎಷ್ಟು ಹೊತ್ತು ಇತ್ತು ಅಂತ ನೋಡದೆ ಗ್ಯಾಸ್ ಎಷ್ಟು ದೊಡ್ಡದಿತ್ತು ಅಂತ ಮಾತ್ರ ಕೇಳಿದ ಹಾಗಾಗುತ್ತದೆ. ಬೆಳಕಿನ ತೀವ್ರತೆ ಮತ್ತು ಹೊತ್ತು ಎರಡನ್ನೂ ಗುಣಿಸಿದರೆ ಬರುವುದಕ್ಕೆ ಡೋಸ್ ಅನ್ನುತ್ತೇವೆ. ಅದನ್ನು ಚದರ ಸೆಂಟಿಮೀಟರಿಗೆ ಇಷ್ಟು ಮಿಲಿಜೂಲ್ ಅಂತ ಲೆಕ್ಕ ಹಾಕುತ್ತಾರೆ. ನೀರಿನಲ್ಲಿ ತೇಲುವ ಬಹುಪಾಲು ಬ್ಯಾಕ್ಟೀರಿಯಾಗಳಿಗೆ 10ರಿಂದ 20 ಸಾಕು. ಡಬ್ಬಿಗಳ ಮೇಲೆ ಸಾಮಾನ್ಯವಾಗಿ 30ರ ಲೆಕ್ಕ ಬರೆದಿರುತ್ತಾರೆ. ಇಕ್ ಮರಿಗೆ ಸುಮಾರು 100 ಬೇಕು. ಸಮುದ್ರದ ನೀರಿನ ಟ್ಯಾಂಕಿನಲ್ಲಿ ಬರುವ ಬಿಳಿ ಚುಕ್ಕೆ ಬೇರೆ ಜೀವಿಯದು, ಅದಕ್ಕೆ 280ರ ಹತ್ತಿರ ಹೇಳುತ್ತಾರೆ. ಸಾಮಾನ್ಯವಾಗಿ ಜೀವಿ ದೊಡ್ಡದಾದಷ್ಟೂ ಹೊಡೆತವೂ ದೊಡ್ಡದು ಬೇಕು.

ನಿಮಗೆ ತೋರಿಸಿದ ಡಬ್ಬಿಯ ಮೇಲೆ ಗಂಟೆಗೆ 6,000 ಲೀಟರಿಗೆ 30 ಮಿಲಿಜೂಲ್ ಅಂತ ಇದೆ ಅಂದುಕೊಳ್ಳಿ. ಅದೇ ದೀಪದಿಂದ 90 ಬೇಕಾದರೆ ನೀರನ್ನು ಮೂರು ಪಟ್ಟು ನಿಧಾನ ಮಾಡಬೇಕು, ಅಂದರೆ ಗಂಟೆಗೆ 2,000 ಲೀಟರ್. ಜೋರು ಪಂಪು ಹಾಕಿ ನೀರು ಭರ್ರೋ ಅಂತ ತಿರುಗುತ್ತಿದ್ದರೆ ನೋಡಲು ಚೆನ್ನ. ಇಕ್ ಮರಿ ಮಾತ್ರ ಆ ದೀಪದ ಮುಂದೆ ಲೋಕಲ್ ಟ್ರೇನಿನಲ್ಲಿ ಬಾಗಿಲಲ್ಲಿ ನಿಂತು ಗಾಳಿ ತಿಂದ ಹಾಗೆ ಹಾದು ಹೋಗುತ್ತದೆ.

ಅಷ್ಟು ನಿಧಾನ ಮಾಡಿದರೆ ಟ್ಯಾಂಕಿನ ನೀರೆಲ್ಲ ದೀಪದ ಮುಂದೆ ಯಾವಾಗ ಬರುತ್ತದೆ ಅಂತ ನೀವು ಕೇಳಬಹುದು. ನಿಮ್ಮ ಟ್ಯಾಂಕಿನ ಹೊರ ಅಳತೆಗೆ 900 ಲೀಟರ್ ಬರುತ್ತದೆ. ಮರಳು, ಮೇಲಿನ ಖಾಲಿ ಜಾಗ ಕಳೆದರೆ ಸುಮಾರು 800. ಗಂಟೆಗೆ 2,000 ಅಂದರೆ 24 ನಿಮಿಷಕ್ಕೆ ಒಂದು ಸುತ್ತು. ಆದರೆ ಒಂದು ಸುತ್ತಿಗೆ ಎಲ್ಲ ನೀರೂ ಹಾಯುವುದಿಲ್ಲ. ತೊಳೆದ ನೀರು, ತೊಳೆಯದ ನೀರು ಬೆರೆಯುತ್ತಲೇ ಇರುತ್ತದೆ, ಒಂದು ಸುತ್ತಾದಾಗ ನೂರಕ್ಕೆ ಸುಮಾರು 63 ಭಾಗ ಮಾತ್ರ ದೀಪ ನೋಡಿರುತ್ತದೆ. ಮೂರು ಸುತ್ತಿಗೆ 95, ಐದು ಸುತ್ತಿಗೆ 99 ದಾಟುತ್ತದೆ. ಅಂದರೆ ಲೆಕ್ಕದಲ್ಲಿ ಎರಡು ಗಂಟೆ. ನಿಮಗೆ ಇದು ಧಾರಾಳ.

ಡಬ್ಬಿಯ ಮೇಲೆ ಡೋಸೂ ಇಲ್ಲ, ಹರಿವಿನ ಲೆಕ್ಕವೂ ಇಲ್ಲ, ಬರೀ ವ್ಯಾಟು ಇದೆ ಅಂದರೆ ನಾನಾದರೆ ಅಲ್ಲೇ ಇಟ್ಟು ಬರುತ್ತೇನೆ. ಇನ್ನೊಂದು ಮೋಸ ನೋಡಿಕೊಳ್ಳಿ. ನೀಲಿ ಎಲ್‌ಇಡಿ ಹಾಕಿ ಯುವಿ ಅಂತ ಮಾರುವವರಿದ್ದಾರೆ. ನಿಜವಾದ ಯುವಿ ದೀಪದ ಕಿಂಡಿಯಲ್ಲೂ ತೆಳು ನೀಲಿ ಕಾಣುತ್ತದೆ, ಅದು ಪಾದರಸದ ಬೇರೆ ಬೆಳಕು. ಕೆಲಸ ಮಾಡುವ ಬೆಳಕು ಕಾಣುವುದೇ ಇಲ್ಲ. 395 ನ್ಯಾನೋಮೀಟರ್ ಅಂತ ಬರೆದ ಎಲ್‌ಇಡಿ ನೋಟು ಪರೀಕ್ಷೆಗೆ ಸರಿ, ಮೀನಿಗಲ್ಲ. ಫಿಲ್ಟರಿನ ಒಳಗೇ 9 ವ್ಯಾಟ್ ಯುವಿ ಕೂರಿಸಿ ಕೊಡುವ ಕ್ಯಾನಿಸ್ಟರ್‌ಗಳೂ ಬರುತ್ತವೆ. ಅವು ಹಸಿರು ನೀರಿಗೆ ಆಗುತ್ತವೆ, ಇಕ್‌ಗೆ ಅಷ್ಟಕ್ಕಷ್ಟೆ.

ಹಾಗಾದರೆ ಜೋಡಿಸುವುದು ಹೇಗೆ? ಮುಖ್ಯ ಪಂಪಿನ ಪೈಪಿಗೇ ಯುವಿ ಸಿಕ್ಕಿಸಬೇಡಿ. ನಿಮ್ಮ ಸಂಪಿನ ಕೊನೆಯ ಕೋಣೆಯಲ್ಲಿ, ಸ್ಪಾಂಜು ದಾಟಿ ನೀರು ತಿಳಿಯಾಗಿರುವಲ್ಲಿ, ಬೇರೆ ಒಂದು ಸಣ್ಣ ಪಂಪು ಇಡಿ. ಅದರಿಂದ ಯುವಿಗೆ, ಯುವಿಯಿಂದ ಸೀದಾ ಮೇಲಿನ ಟ್ಯಾಂಕಿಗೆ. ನಡುವೆ ಒಂದು ವಾಲ್ವ್. ಕಲಕು ನೀರಿನಲ್ಲಿ ಬೆಳಕು ದೂರ ಹೋಗುವುದಿಲ್ಲ, ಅದಕ್ಕೇ ಸ್ಪಾಂಜು ಮೊದಲು, ದೀಪ ಆಮೇಲೆ. ಯುವಿಯನ್ನು ನೆಟ್ಟಗೆ ನಿಲ್ಲಿಸಿ, ನೀರು ಕೆಳಗಿನಿಂದ ಒಳಗೆ, ಮೇಲಿನಿಂದ ಹೊರಗೆ. ಹಾಗಾದರೆ ಗಾಳಿಗುಳ್ಳೆ ಒಳಗೆ ಕೂರುವುದಿಲ್ಲ. ಪಂಪಿಗೂ ಯುವಿಗೂ ಒಂದೇ ಸ್ವಿಚ್. ಪಂಪು ನಿಂತು ದೀಪ ಉರಿಯುತ್ತಿದ್ದರೆ ಒಳಗಿನ ನೀರು ಸುಮ್ನೆ ಕಾಯುತ್ತದೆ.

ಪಂಪಿನ ಮೇಲೆ ಬರೆದ ಲೀಟರ್ ನಂಬಬೇಡಿ. ಅದು ನೀರು ಮೇಲೆ ಏರದೇ ಇದ್ದಾಗಿನ ಲೆಕ್ಕ. ನಾಲ್ಕೈದು ಅಡಿ ಏರಿಸುವಾಗ ತುಂಬಾ ಇಳಿಯುತ್ತದೆ. ನಿಮ್ಮಲ್ಲಿ 20 ಲೀಟರಿನ ಕುಡಿಯುವ ನೀರಿನ ಕ್ಯಾನ್ ಇರುತ್ತದೆ. ಟ್ಯಾಂಕಿಗೆ ಬೀಳುವ ಪೈಪನ್ನು ಅದೇ ಎತ್ತರದಲ್ಲಿ ಹಿಡಿದು ಒಂದು ಖಾಲಿ ಕ್ಯಾನಿಗೆ ಬಿಡಿ, ಮೊಬೈಲಿನಲ್ಲಿ ಹೊತ್ತು ನೋಡಿ. 36 ಸೆಕೆಂಡಿಗೆ ತುಂಬಿದರೆ ಗಂಟೆಗೆ 2,000 ಲೀಟರ್. ಇಪ್ಪತ್ತಕ್ಕೇ ತುಂಬಿದರೆ ವಾಲ್ವ್ ತಿರುಗಿಸಿ ಕಡಿಮೆ ಮಾಡಿ.

ರಾತ್ರಿ ಬಂದ್ ಮಾಡಬೇಡಿ. ನಿಮ್ಮ ಹೋಟೆಲ್ ಹನ್ನೊಂದಕ್ಕೆ ಮುಚ್ಚುತ್ತದೆ, ಇಕ್ ಮರಿ ಮುಚ್ಚುವುದಿಲ್ಲ. 36 ವ್ಯಾಟ್ ದಿನವಿಡೀ ಉರಿದರೆ ತಿಂಗಳಿಗೆ 26 ಯೂನಿಟ್, ನಿಮ್ಮ ಗ್ರೈಂಡರ್, ಎ.ಸಿ. ನಡುವೆ ಅದು ಲೆಕ್ಕಕ್ಕೇ ಬರದು. ಮೇಲಾಗಿ ದಿನಾ ಹಾಕಿ ಆರಿಸಿದರೆ ಈ ದೀಪಗಳ ಆಯುಸ್ಸು ಬೇಗ ಮುಗಿಯುತ್ತದೆ.

ಆಯುಸ್ಸಿನ ಮಾತು ಬಂತಲ್ಲ. ಜನ ಎಡವುವುದು ಇಲ್ಲೇ. ಹೋದ ವರ್ಷ ಡೊಂಬಿವಲಿಯ ಒಬ್ಬರ ಮನೆಗೆ ಹೋಗಿದ್ದೆ. ನಮ್ಮ ಕಡೆಯವರೇ. ಯುವಿ ಹಾಕಿ ಎರಡು ವರ್ಷ ಆಗಿತ್ತು, ಆದರೂ ನೀರು ಹಸಿರು. ಯಂತ್ರ ಹಾಳು ಅಂತ ಅವರ ತೀರ್ಮಾನ. ಪ್ಲಗ್ ತೆಗೆದು, ತಿರುಪು ಬಿಚ್ಚಿ, ಕ್ವಾರ್ಟ್ಸ್ ಕೊಳವೆ ಹೊರಗೆ ಎಳೆದೆ. ಗಾಜಿನ ಕೊಳವೆ ಅಂತ ಹೇಳಲಾಗದಷ್ಟು ಬೆಳ್ಳಗೆ, ಸುಣ್ಣ ಬಳಿದ ಹಾಗೆ. ಅದರ ಮೇಲೆ ಕಂದು ಬಣ್ಣದ ಲೋಳೆ, ಬೆರಳು ಇಟ್ಟರೆ ಜಾರುತ್ತಿತ್ತು. ಅವರ ಸೊಸೈಟಿಗೆ ಬೋರ್‌ವೆಲ್ ನೀರು, ಗಡಸು. ಕಾದ ಪಾತ್ರೆಯ ತಳಕ್ಕೆ ಸುಣ್ಣ ಕಟ್ಟುವ ಹಾಗೆ ಇಲ್ಲೂ ಕಟ್ಟಿತ್ತು. ಎರಡು ವರ್ಷವೂ ದೀಪ ನಿಷ್ಠೆಯಿಂದ ಉರಿದಿದೆ, ಬೆಳಕು ಮಾತ್ರ ಕೊಳವೆ ದಾಟಿಲ್ಲ. ವಿನೆಗರಿನಲ್ಲಿ ಅದ್ದಿದ ಬಟ್ಟೆ ಸುತ್ತಿ ಅರ್ಧ ಗಂಟೆ ಇಟ್ಟು ಒರೆಸಿದರೆ ಪಳಪಳ. ದೀಪವನ್ನೂ ಬದಲಾಯಿಸಿದೆವು. ಹತ್ತು ದಿನ ಬಿಟ್ಟು ಅವರೇ ಫೋನ್ ಮಾಡಿ, ಟ್ಯಾಂಕಿನ ಮೂಲೆಯಲ್ಲಿ ಇಷ್ಟು ದಿನ ಕಾಣದ ಒಂದು ಮೀನು ಇದೆ ಅಂದರು!

ಮುಂಬೈ ಪಾಲಿಕೆಯ ನೀರು ಸಾಮಾನ್ಯವಾಗಿ ಮೃದು, ಕೆರೆಯ ನೀರಲ್ವಾ. ಅದು ಬರುತ್ತಿದ್ದರೆ ಎರಡು ಮೂರು ತಿಂಗಳಿಗೊಮ್ಮೆ ಒರೆಸಿದರೆ ಸಾಕು. ಬೇಸಿಗೆಯಲ್ಲಿ ಟ್ಯಾಂಕರ್ ತರಿಸುತ್ತಿದ್ದರೆ ತಿಂಗಳಿಗೊಮ್ಮೆ. ದೀಪದ ಆಯುಸ್ಸು 8,000ದಿಂದ 9,000 ಗಂಟೆ. ವರ್ಷಕ್ಕೆ 8,760 ಗಂಟೆ. ಅಂದರೆ ವರ್ಷಕ್ಕೊಂದು ದೀಪ. ಆಮೇಲೂ ಅದು ನೀಲಿಯಾಗಿ ಉರಿಯುತ್ತಲೇ ಇರುತ್ತದೆ, ನೋಡಿ ಗೊತ್ತಾಗುವುದಿಲ್ಲ, ಕೊಲ್ಲುವ ಬೆಳಕು ಮಾತ್ರ ಇಳಿದಿರುತ್ತದೆ. ನಾನು ನನ್ನ ಗಿರಾಕಿಗಳಿಗೆ ಗಣೇಶ ಚೌತಿಗೆ ಹೊಸ ದೀಪ ಅಂತ ಹೇಳಿಬಿಟ್ಟಿದ್ದೇನೆ. ತಾರೀಕು ಮರೆತರೂ ಚೌತಿ ಮರೆಯುವುದಿಲ್ಲ. ಹೊಸ ದೀಪವನ್ನು ಬರಿಗೈಯಲ್ಲಿ ಮುಟ್ಟಬೇಡಿ, ಒಣಗಿದ ಬಟ್ಟೆಯಲ್ಲಿ ಹಿಡಿಯಿರಿ. ಹಳೆಯದರಲ್ಲಿ ಪಾದರಸ ಇದೆ, ಒಡೆದು ಕಸಕ್ಕೆ ಹಾಕಬೇಡಿ, ಇ-ವೇಸ್ಟ್ ತೆಗೆದುಕೊಳ್ಳುವವರಿಗೆ ಕೊಡಿ.

ಒಂದು ಮಾತು ದಯವಿಟ್ಟು ನಿಮ್ಮ ಹುಡುಗರಿಗೂ ಹೇಳಿ. ದೀಪ ಉರಿಯುತ್ತಿದೆಯಾ ಅಂತ ನೋಡಲು ಯಂತ್ರ ಬಿಚ್ಚಬಾರದು. ಮಂಗಳೂರಿನ ಮೀನುಗಾರಿಕಾ ಕಾಲೇಜು ಮುಗಿಸಿ ಮುಂಬೈಗೆ ಬಂದ ಹೊಸತರಲ್ಲಿ ನಾನೇ ಈ ದಡ್ಡತನ ಮಾಡಿದ್ದೆ. ದೀಪವನ್ನು ಕೊಳವೆಯಿಂದ ಹೊರಗೆ ತೆಗೆದು, ಕೈಯಲ್ಲಿ ಹಿಡಿದು, ಉರಿಸಿ ನೋಡಿದೆ. ಅರ್ಧ ನಿಮಿಷ ಇರಬಹುದು. ಏನೂ ಆಗಲಿಲ್ಲ. ಸಂಜೆ ಲೋಕಲ್ ಹತ್ತಿ ಮನೆಗೆ ಬಂದು ಊಟವನ್ನೂ ಮಾಡಿದೆ. ರಾತ್ರಿ ಹನ್ನೊಂದಕ್ಕೆ ಕಣ್ಣಿಗೆ ಮೆಣಸಿನ ಪುಡಿ ಎರಚಿದ ಹಾಗೆ ಆಯಿತು. ಬೆಳಗಿನವರೆಗೆ ಕಣ್ಣು ಬಿಡಲಾಗಲಿಲ್ಲ. ಕಣ್ಣಿನ ಡಾಕ್ಟ್ರು ನೋಡಿದ ಕೂಡಲೇ ಕೇಳಿದ್ದು, ವೆಲ್ಡಿಂಗ್ ಕೆಲಸವಾ ಅಂತ. ಎರಡು ದಿನಕ್ಕೆ ಸರಿಹೋಯಿತು, ಆದರೆ ಆ ರಾತ್ರಿ ಯಾರಿಗೂ ಬೇಡ. ನೋಡಲು ಕಿಂಡಿ ಕೊಟ್ಟಿರುತ್ತಾರೆ, ಅದರಲ್ಲಿ ನೋಡಿ ಸಾಕು. ಕರೆಂಟ್ ಲೈನಿಗೆ ಇ.ಎಲ್.ಸಿ.ಬಿ. ಇರಲಿ, ಅಂದರೆ ಕರೆಂಟ್ ಸೋರಿದರೆ ತಾನೇ ಬಂದ್ ಆಗುವ ಸ್ವಿಚ್. ವೈರನ್ನು ಪ್ಲಗ್‌ಗಿಂತ ಕೆಳಗೆ ಒಂದು ಸುತ್ತು ಇಳಿಬಿಟ್ಟು ಮೇಲೆ ತನ್ನಿ, ಸೋರಿದ ನೀರು ಅಲ್ಲೇ ತೊಟ್ಟಿಕ್ಕುತ್ತದೆ, ಪ್ಲಗ್‌ಗೆ ಹೋಗುವುದಿಲ್ಲ.

ಮದ್ದು ಹಾಕುವಾಗ ಯುವಿ ಆರಿಸಬೇಕು. ಕೆಲವು ಮದ್ದುಗಳನ್ನು ಆ ಬೆಳಕು ಒಡೆದುಹಾಕುತ್ತದೆ. ಮೀನಿಗೆ ಮದ್ದು ಕೊಟ್ಟಿದ್ದೇನೆ ಅಂದುಕೊಂಡು ದೀಪಕ್ಕೆ ಕೊಟ್ಟಿರುತ್ತೀರಿ.

ಈಗ ನಿಮ್ಮ ಫೋಟೋಗಳು. ಮೊದಲ ಫೋಟೋದಲ್ಲಿ ಎ.ಸಿ.ಯ ಗಾಳಿ ಬರುವ ಜಾಲರಿ ಸರಿಯಾಗಿ ಟ್ಯಾಂಕಿನ ನೆತ್ತಿಯ ಮೇಲಿದೆ. ಹಗಲು ಹನ್ನೆರಡು ಗಂಟೆ ತಣ್ಣನೆ ಗಾಳಿ, ರಾತ್ರಿ ಎ.ಸಿ. ಬಂದ್, ಶಟರ್ ಎಳೆದ ಹಾಲ್‌ನಲ್ಲಿ ಮುಂಬೈ ಸೆಕೆ. ನೀರು ದಿನಾ ಇಳಿಯುತ್ತದೆ, ದಿನಾ ಏರುತ್ತದೆ. ಅಗ್ಗದ ಒಂದು ಪ್ಲಾಸ್ಟಿಕ್ ಥರ್ಮಾಮೀಟರ್ ಅಂಟಿಸಿ ಬೆಳಗ್ಗೆ ಏಳಕ್ಕೆ ಮತ್ತು ರಾತ್ರಿ ಹತ್ತಕ್ಕೆ ನೋಡಿ ಬರೆದಿಡಿ. ಮೂರು ನಾಲ್ಕು ಡಿಗ್ರಿ ವ್ಯತ್ಯಾಸ ಬಂದರೆ ನನಗೆ ಆಶ್ಚರ್ಯ ಇಲ್ಲ. ಆಸ್ಕರ್ ಬೆಚ್ಚನೆಯ ನೀರಿನ ಮೀನು. ದಿನಾ ಹೀಗೆ ಚಳಿ ಹಿಡಿಸಿದರೆ ಅದರ ರೋಗ ತಡೆಯುವ ಶಕ್ತಿ ಕುಗ್ಗುತ್ತದೆ, ಇಕ್ ಕಾಯುತ್ತಿರುವುದೇ ಅದಕ್ಕೆ. ಜಾಲರಿಯ ಎಲೆಗಳನ್ನು ಬೇರೆ ಕಡೆ ತಿರುಗಿಸಿ. ಸಂಪಿನಲ್ಲಿ 300 ವ್ಯಾಟ್‌ನ ಎರಡು ಹೀಟರ್ ಇಟ್ಟು 28ಕ್ಕೆ ನಿಲ್ಲಿಸಿ. ಎರಡು ಯಾಕೆ ಅಂದರೆ, ಒಂದು ಕೆಟ್ಟರೆ ಇನ್ನೊಂದು ನಡೆಸುತ್ತದೆ.

ಮುಂದಿನದು ಕುರ್ಲಾದ ಗಪ್ಪಿ. ಮಾರಾಯ್ರೇ, ಪ್ರತಿ ಭಾನುವಾರ ನೀವೇ ದುಡ್ಡು ಕೊಟ್ಟು ರೋಗ ತರುತ್ತಿದ್ದೀರಿ! ಒಂದೇ ಚೀಲದಲ್ಲಿ ನೂರಾರು ಮೀನು ತುಂಬಿ ಬಂದ ಸರಕು ಅದು. ಯಾವುದರ ಕಿವಿರಿನಲ್ಲಿ ಏನಿದೆ ಯಾರಿಗೆ ಗೊತ್ತು. ಅದನ್ನು ಸೀದಾ ಟ್ಯಾಂಕಿಗೆ ಬಿಟ್ಟರೆ ಗೇಟಿನ ವಾಚ್‌ಮನ್ ಏನು ಮಾಡಿಯಾನು, ಕಳ್ಳನನ್ನು ನೀವೇ ಲಿಫ್ಟಿನಲ್ಲಿ ಕರೆದುಕೊಂಡು ಹೋಗಿದ್ದೀರಿ. ಅರೋವಾನಾಗೆ ಸಿಗಡಿ ಒಳ್ಳೆಯದು ಅನ್ನಬೇಕಿತ್ತು, ಆದರೆ ನಿಮ್ಮದು ಶುದ್ಧ ಶಾಕಾಹಾರಿ ಅಡುಗೆಮನೆ, ಫ್ರಿಜ್ಜಿನಲ್ಲಿ ಸಿಗಡಿ ಇಟ್ಟರೆ ಮನೆಯಲ್ಲೇ ಜಗಳ. ತೇಲುವ ಪೆಲೆಟ್, ಅಂದರೆ ಒಣ ಗುಳಿಗೆಯ ಆಹಾರ ಅಭ್ಯಾಸ ಮಾಡಿಸಿ. ನಾಲ್ಕೈದು ದಿನ ಮುಖ ತಿರುಗಿಸುತ್ತದೆ, ಹಸಿದ ಮೇಲೆ ತಿನ್ನುತ್ತದೆ. ದೊಡ್ಡ ಅರೋವಾನಾ ಅಷ್ಟು ದಿನ ಉಪವಾಸ ಇದ್ದರೆ ಏನೂ ಆಗದು.

ಹೊಸ ಆಸ್ಕರ್ ತಂದರೆ ಸ್ಟೋರ್ ರೂಮಿನಲ್ಲಿ ಒಂದು ದೊಡ್ಡ ಪ್ಲಾಸ್ಟಿಕ್ ಕ್ರೇಟು, 60 ಲೀಟರಿನದು, ಒಂದು ಸ್ಪಾಂಜ್ ಫಿಲ್ಟರ್, ಒಂದು ಸಣ್ಣ ಹೀಟರ್ ಇಟ್ಟು ಮೂರು ನಾಲ್ಕು ವಾರ ಅಲ್ಲಿ ಇರಿಸಿ. ಸಣ್ಣ ಆಸ್ಕರಿಗೆ ಈ ಅಳತೆ ಸಾಕು, ದಿನ ಬಿಟ್ಟು ದಿನ ಕಾಲು ಭಾಗ ನೀರು ಬದಲಾಯಿಸಿ. ಆ ಕ್ರೇಟಿನ ಬಲೆ, ಬಕೆಟ್ ಬೇರೆ. ರೋಗ ಇದ್ದರೆ ಅಲ್ಲೇ ಹೊರಬೀಳುತ್ತದೆ, 60 ಲೀಟರಿಗೆ ಮದ್ದೂ ಕಡಿಮೆ. ಒಂದೇ ಟ್ಯಾಂಕು ಇಟ್ಟವರಿಗೆ ಯುವಿಗಿಂತ ಈ ಕ್ರೇಟು ಹೆಚ್ಚು ಮೀನು ಉಳಿಸುತ್ತದೆ. ಬೇಕಿದ್ದರೆ ಇದನ್ನು ಅಂಗಡಿಯವರ ಮುಂದೆ ಓದಿ ಹೇಳಿ.

ಎರಡನೇ ಫೋಟೋದ ಬಲಮೂಲೆಯಲ್ಲಿ, ಮರಳಿನ ಮೇಲೆ, ಬಿಳಿಯ ಒಂದು ತುಂಡು ಬಿದ್ದಿದೆ. ಮೊದಲು ಫಂಗಸ್ ಹಿಡಿದ ಸತ್ತ ಮೀನು ಅಂದುಕೊಂಡೆ. ದೊಡ್ಡದು ಮಾಡಿ ನೋಡಿದರೆ ಇಡ್ಲಿ. ಗಿರಾಕಿಗಳ ಮಕ್ಕಳು ಹಾಕಿದ್ದಿರಬೇಕು. ಇಡ್ಲಿ ನೀರಿನಲ್ಲಿ ಕೊಳೆತರೆ ಬ್ಯಾಕ್ಟೀರಿಯಾಗೆ ಹಬ್ಬ, ನೀರು ಗಂಜಿಯ ಹಾಗೆ ಬೆಳ್ಳಗಾಗುತ್ತದೆ. ಯುವಿ ಹಾಕಿದರೆ ಆ ಬಿಳಿ ಸ್ವಲ್ಪ ತಿಳಿಯಾಗುತ್ತದೆ, ಅಪಾಯ ಇರುವುದೂ ಅಲ್ಲೇ. ನೋಡಲು ನೀರು ಸ್ಫಟಿಕ, ಒಳಗೆ ಅಮೋನಿಯಾ ತುಂಬಿರುತ್ತದೆ. ಯುವಿಗೂ ಅಮೋನಿಯಾಗೂ ಸಂಬಂಧ ಇಲ್ಲ, ಬ್ಯಾಕ್ಟೀರಿಯಾ ಅದನ್ನು ತಿಂದ ಮೇಲೆ ಉಳಿಯುವ ನೈಟ್ರೇಟಿಗೂ ಇಲ್ಲ. ಆದ್ದರಿಂದ ವಾರಕ್ಕೆ ಕಾಲು ಭಾಗ ನೀರು ಬದಲಾಯಿಸುವುದು ಯುವಿ ಬಂದ ಮೇಲೂ ತಪ್ಪದು. ನಲ್ಲಿ ನೀರಿಗೆ ಕ್ಲೋರಿನ್ ತೆಗೆಯುವ ಮದ್ದು ಹಾಕುವುದೂ ತಪ್ಪದು. ಅಂಗಡಿಯವರ ಮಾತು ಮುಕ್ಕಾಲು ತಪ್ಪು ಅಂದಿದ್ದು ಮುಖ್ಯವಾಗಿ ಇದಕ್ಕೇ.

ಅದೇ ಫೋಟೋದಲ್ಲಿ ಟ್ಯಾಂಕಿನ ಹಿಂದೆ ರಸ್ತೆ ಕಡೆಯ ದೊಡ್ಡ ಗಾಜು, ಸಂಜೆಯ ಬಿಸಿಲು ನೇರ ಬೀಳುತ್ತಿದೆ. ಹಸಿರು ನೀರಿನ ಮೂಲ ಅದು. ಆ ಗಾಜಿಗೆ ಕಪ್ಪು ಫಿಲ್ಮ್ ಅಂಟಿಸಿ, ಒಂದು ತಿಂಗಳು ನೋಡಿ. ಎಷ್ಟೋ ಸಲ ಅಷ್ಟಕ್ಕೇ ನೀರು ತಿಳಿಯಾಗುತ್ತದೆ, ಹಸಿರಿಗಾಗಿ ಯುವಿ ಬೇಕೇ ಆಗುವುದಿಲ್ಲ.

ಈ ನಡುವೆ ಮತ್ತೆ ಚುಕ್ಕೆ ಕಂಡರೆ ಗಾಬರಿ ಬೇಡ. ನೀರನ್ನು ದಿನಕ್ಕೆ ಒಂದು ಡಿಗ್ರಿಯಂತೆ ಏರಿಸಿ 30ಕ್ಕೆ ತನ್ನಿ, ಗಾಳಿ ಪಂಪು ಜಾಸ್ತಿ ಮಾಡಿ. ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ. ಕಲ್ಲುಪ್ಪು ಲೀಟರಿಗೆ 2 ಗ್ರಾಂ, ಅಂದರೆ ನಿಮ್ಮ ಟ್ಯಾಂಕಿಗೆ 1.6 ಕಿಲೋ. ಒಂದೇ ಸಲ ಸುರಿಯದೆ ಎರಡು ದಿನದಲ್ಲಿ ಕರಗಿಸಿ ಹಾಕಿ. ಚುಕ್ಕೆ ಮಾಯವಾದ ಕೂಡಲೇ ನಿಲ್ಲಿಸಬೇಡಿ, ಆಗ ಅವು ತಳದಲ್ಲಿ ಕವಚ ಕಟ್ಟಿಕೊಂಡು ಒಡೆಯುತ್ತಿರುತ್ತವೆ. ಎರಡು ವಾರ ಪೂರ್ತಿ ಬಿಡಿ, ಎರಡು ದಿನಕ್ಕೊಮ್ಮೆ ತಳದ ಮರಳಿನ ಕೊಳೆಯನ್ನು ಪೈಪಿನಲ್ಲಿ ಸೈಫನ್ ಮಾಡಿ ಎಳೆಯಿರಿ. ಇದರ ಜೊತೆ ಯುವಿ ಇದ್ದರೆ ಅನುಕೂಲ, ಉಪ್ಪಿಗೂ ಅದಕ್ಕೂ ಜಗಳ ಇಲ್ಲ.

ಒಟ್ಟು ಖರ್ಚಿನಲ್ಲಿ ಮೊದಲು ಹೀಟರ್, ಕ್ರೇಟು, ಫಿಲ್ಮ್. ಒಂದೆರಡು ತಿಂಗಳು ಬಿಟ್ಟು ಕೈಯಲ್ಲಿ ದುಡ್ಡು ಉಳಿದರೆ ಯುವಿ. ಒಂದು ಗಾಜಿನ ಮುಚ್ಚಳವನ್ನೂ ಮಾಡಿಸಿ, ಹಿಂದಿನ ಭಾಗದಲ್ಲಿ ಗಾಳಿಗೆ ನಾಲ್ಕು ಇಂಚು ಜಾಲರಿ, ಮುಂದೆ ಬೀಗ. ಇಡ್ಲಿ ಒಳಗೆ ಹೋಗುವುದಿಲ್ಲ, ಅರೋವಾನಾ ರಾತ್ರಿ ಹೊರಗೆ ಹಾರುವುದಿಲ್ಲ. ಬೀಗದ ಕೈ ಗಲ್ಲಾದಲ್ಲಿ ಇಡಿ.